ಸುಮಂಗಲಾಳ ತುರುಬಿನ ಮೈಕು

ನಾನು ಡ್ರೈವರ್, ಸುಮಂಗಲಾ ಕಂಡಕ್ಟರ್. ಯಲಬುರ್ಗಾದಿಂದ ಕುಷ್ಟಗಿಗೆ ಹೋಗಿಬರುವ ನಮ್ಮ ಬಸ್ಸಿನಲ್ಲಿ ಸ್ಟೇರಿಂಗ್ ಮಾತ್ರ ನನ್ನದು, ಉಳಿದದ್ದೆಲ್ಲ ಆಕೆಯ ರಾಜ್ಯ. ಬಸ್ಸು ಗಿಜಿಗುಡುತ್ತಿದ್ದರೆ ಒಂದೇ ಸಲ "ಬಾಯಿ ಮುಚ್ಕೊಂಡು ಒಳಗ ಸರೀರಿ" ಅನ್ನುತ್ತಿದ್ದಳು. ಇಡೀ ಬಸ್ಸು ಬಾಯಿ ಮುಚ್ಚಿಕೊಂಡು ಒಳಗೆ ಸರಿಯುತ್ತಿತ್ತು. ಎಷ್ಟೋ ಸಲ ನನಗೂ ಎದ್ದು ಒಳಗೆ ಸರಿಯಬೇಕು ಅನ್ನಿಸಿದೆ.

ಇಂಥ ಹೆಣ್ಣುಮಗಳಿಗೆ ರಾಕ್ ಸಂಗೀತದ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ಗಂಗಾವತಿಯ ನಾಲ್ವರು ಹುಡುಗರು 'ಸುಡುಬಂಡೆ' ಅಂತ ಬ್ಯಾಂಡು ಕಟ್ಟಿಕೊಂಡು, ನಮ್ಮ ಕಡೆಯ ಮಾತಿನಲ್ಲೇ ಹಾಡು ಬರೆದು ಗಿಟಾರು ಬಾರಿಸುತ್ತಿದ್ದರು. ನನ್ನ ಕಿವಿಗೆ ಅದು ಮಿಕ್ಸಿಗೆ ಒಣಮೆಣಸಿನಕಾಯಿ ಹಾಕಿದ ಹಾಗೆ ಕೇಳುತ್ತಿತ್ತು. ಸುಮಂಗಲಾ ಮಾತ್ರ ಅವರ ಕಾರ್ಯಕ್ರಮ ಎಲ್ಲಿದ್ದರೂ ರಜೆ ಹಾಕಿ ಹೋಗಿ, ಜನರ ನಡುವೆ ನಿಂತು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದಳು. ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಬೇರೆಯವರೂ ರೆಕಾರ್ಡ್ ಹಾಕುತ್ತಿದ್ದರು. ಒಬ್ಬನದರಲ್ಲಿ ಡ್ರಮ್ಮು ತಗಡು ಬಡಿದಂತಿದ್ದರೆ, ಇನ್ನೊಬ್ಬನದರಲ್ಲಿ ಹಾಡಿಗಿಂತ ಶೇಂಗಾ ಮಾರುವವನ ದನಿಯೇ ದೊಡ್ಡದು. ಸುಮಂಗಲಾಳದು ಬಂದರೆ ಎಲ್ಲರೂ ಗಪ್ಪಾಗುತ್ತಿದ್ದರು. ಅದರಲ್ಲಿ ಗಾಯಕ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು.

ಅದಕ್ಕೆ ಆಕೆಯದೊಂದು ಉಪಾಯವಿತ್ತು. ಮೈಕನ್ನು ಸೆರಗಿಗೆ ಸಿಕ್ಕಿಸಿದರೆ ಸೀರೆ ಸರಸರ ಅನ್ನುತ್ತದೆ, ಕೈಯಲ್ಲಿ ಹಿಡಿದರೆ ಬಳೆ ಸದ್ದು ಮಾಡುತ್ತವೆ. ಹಾಗಾಗಿ ಪುಟ್ಟ ಮೈಕನ್ನು ತುರುಬಿನೊಳಗೆ ಕ್ಲಿಪ್ಪು ಹಾಕಿ ಕೂಡಿಸಿ, ಹಾಡು ಮುಗಿಯುವವರೆಗೆ ಕಂಬದ ಹಾಗೆ ನಿಲ್ಲುತ್ತಿದ್ದಳು. ಚಪ್ಪಾಳೆಯಿಲ್ಲ, ತಲೆಯಾಡಿಸುವಂತೆಯೂ ಇಲ್ಲ. ಬೆನ್ನಿಗೆ ಆಕೆಯ ಜೀವದ ಗೆಳತಿ ಅನುಸೂಯಾ. ಬೇವೂರಿನವಳು, ಕುಷ್ಟಗಿಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ, ದಿನಾ ನಮ್ಮ ಬಸ್ಸಿಗೇ ಬರುತ್ತಾಳೆ. ಸಿಳ್ಳೆ ಹೊಡೆಯುವವರು ತುರುಬಿನ ಹತ್ತಿರ ಬಾರದಂತೆ ಹಿಂದೆ ಗೋಡೆಯಾಗಿ ನಿಲ್ಲುವುದು ಅವಳ ಕೆಲಸ. ಅವಳೂ ಹಾಡುವಂತಿರಲಿಲ್ಲ. ಬೇಡದ ಸದ್ದನ್ನು ಮೊಬೈಲಿನಲ್ಲೇ ಕತ್ತರಿಸಿ ತೆಗೆಯುವುದನ್ನು ಸುಮಂಗಲಾ ಅವಳಿಗೂ ಕಲಿಸಿದ್ದಳು.

ಹೋದ ವರ್ಷ ಬ್ಯಾಂಡು ಮುಚ್ಚುವ ಮಾತು ಬಂತು. ಗಂಗಾವತಿಯಲ್ಲಿ ಕೊನೆಯ ಕಾರ್ಯಕ್ರಮ, ಅಲ್ಲಿ ಅಭಿಮಾನಿಗಳು ಮಾಡಿದ ರೆಕಾರ್ಡುಗಳಲ್ಲಿ ಒಂದನ್ನು ಆರಿಸಿ, ಮಾಡಿದವರ ಹೆಸರು ಹಾಕಿ, ಅದನ್ನೇ ನಮ್ಮ ಕೊನೆಯ ಆಲ್ಬಮ್ ಅಂತ ಬಿಡುತ್ತೇವೆ ಎಂದು ಗಾಯಕ ಗವಿಸಿದ್ದೇಶ ಗುಂಪಿನಲ್ಲಿ ಹಾಕಿದ. ಸುಮಂಗಲಾ ಅವತ್ತು ಟಿಕೆಟ್ ಕೊಡುತ್ತಲೇ ಹಾಡು ಗುನುಗಿದಳು. ಆ ಹಾಡುಗಳ ಪಕ್ಕದಲ್ಲಿ ತನ್ನ ಹೆಸರು ಒಂದು ಸಲ ಇರಬೇಕು, ಅಷ್ಟೇ ಆಕೆಯ ಆಸೆ. ನಿನ್ನದನ್ನು ಬಿಟ್ಟು ಇನ್ಯಾರದ್ದನ್ನು ಆರಿಸುತ್ತಾರೆ ಅಂತ ನಾನೂ ಅಂದೆ.

ಕಾರ್ಯಕ್ರಮದ ಸಂಜೆ ಗಂಗಾವತಿಯ ಅಕ್ಕಿ ಗಿರಣಿಯ ಬಯಲಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅನುಸೂಯಾ ಎಂದಿನಂತೆ ಆಕೆಯ ಬೆನ್ನಿಗಿದ್ದಳು. ಕೊನೆಯದು ಮೆಲುದನಿಯ ಹಾಡು. ಅದರ ನಟ್ಟನಡುವೆ ಮುಂದಿನ ಹುಡುಗರು ಕೂಗಾಟ ಶುರು ಮಾಡಿದರು. ಸುಮಂಗಲಾ ತಡೆದುಕೊಂಡಳು, ತಡೆದುಕೊಂಡಳು, ಕಡೆಗೆ ಬಸ್ಸಿನ ದನಿಯೇ ಬಾಯಿಗೆ ಬಂತು.

"ಏ, ಬಾಯಿ ಮುಚ್ಕೊಂಡು ಒಳಗ ಸರೀರಿ."

ಬಯಲಿಗೆ ಬಯಲೇ ನಕ್ಕಿತು. ಗವಿಸಿದ್ದೇಶನೂ ಹಾಡು ನಿಲ್ಲಿಸಿ ಉಳಿದ ಮೂವರೊಂದಿಗೆ ನಕ್ಕು, ಮತ್ತೆ ಮೊದಲಿನಿಂದ ಎತ್ತಿಕೊಂಡ. ಸುಮಂಗಲಾ ನಾಚಿ ನೆಲ ನೋಡುತ್ತ ನಿಂತಳು.

ಮರುದಿನ ಕುಷ್ಟಗಿ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ, ಗೆಳತಿಯರಿಬ್ಬರೂ ಒಂದೊಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತು ಆ ಜಾಗವನ್ನು ಕತ್ತರಿಸಿ ತೆಗೆದರು. ಹೊಲಿಗೆ ಗೊತ್ತಾಗದ ಹಾಗೆ ಕೂಡಿಸಿದ್ದಳು ಸುಮಂಗಲಾ. ಅನುಸೂಯಾ ಪೂರ್ತಿ ಕೇಳಿ, ಇದು ಆರಿಸಿದಂತೆಯೇ ಅಂದಳು. ಕಳಿಸುವ ಬಟನ್ ಒತ್ತಿದವಳೂ ಅವಳೇ. ಅವಳ ಕೈಗುಣ ಒಳ್ಳೆಯದು ಅಂತ ಸುಮಂಗಲಾ ಫೋನನ್ನು ಅವಳ ಕೈಗೇ ಕೊಟ್ಟಿದ್ದಳು.

ಆಲ್ಬಮ್ ಬಂತು. ಕೆಳಗೆ ಹೆಸರಿತ್ತು: ರೆಕಾರ್ಡಿಂಗ್, ಅನುಸೂಯಾ, ಬೇವೂರು.

ಹೆಸರು ತಪ್ಪಿ ಬಿದ್ದಿದೆ ಅಂದುಕೊಂಡೆವು. ಆಲ್ಬಮ್ ಹಚ್ಚಿ ಕೇಳಿದರೆ ತಪ್ಪೇನೂ ಇರಲಿಲ್ಲ. ಅದು ಅನುಸೂಯಾ ತನ್ನ ಜಂಪರಿನೊಳಗೆ ಫೋನು ಇಟ್ಟುಕೊಂಡು ಮಾಡಿದ್ದು. ಗಿಟಾರು ಒಡೆದ ದನಿಯಲ್ಲಿ ಬುರುಬುರು ಅನ್ನುತ್ತದೆ, ಸಿಳ್ಳೆ ಕಿವಿ ಹರಿಯುತ್ತದೆ, ಇದರ ಮೇಲೆ ಅನುಸೂಯಾ ಬಾಯೊಳಗೇ ಗುನುಗಿಕೊಂಡ ರಾಗ ಬೇರೆ. ಕೊನೆಯ ಹಾಡಿನಲ್ಲಿ, ಫೋನಿಗೆ ಬಾಯಿ ಹಚ್ಚಿದಷ್ಟು ಸ್ಪಷ್ಟವಾಗಿ, ಸುಮಂಗಲಾಳ ಗದರಿಕೆ. ಸ್ವಚ್ಛವಾದ ರೆಕಾರ್ಡುಗಳು ಬಂದಿದ್ದವು, ಆದರೆ ಆ ನಗು ಅವುಗಳಲ್ಲಿ ಇರಲಿಲ್ಲ, ಬ್ಯಾಂಡಿನ ನಾವು ನಾಲ್ವರೂ ವೇದಿಕೆಯ ಮೇಲೆ ಕೂಡಿ ನಕ್ಕದ್ದು ಅದೇ ಕೊನೆ ಎಂದು ಗವಿಸಿದ್ದೇಶ ಗುಂಪಿನಲ್ಲಿ ಬರೆದಿದ್ದ. ಸ್ವಲ್ಪ ದಿನದಲ್ಲೇ ಆ ಗದರಿಕೆ ಕುಕನೂರಿನ ಹುಡುಗರ ರಿಂಗ್‌ಟೋನ್ ಆಯಿತು. ನಮ್ಮ ಬಸ್ಸಿನಲ್ಲೇ ಆಕೆಯ ಎದುರಿಗೇ ಹಚ್ಚಿ ಹಲ್ಲು ಕಿರಿಯುತ್ತಿದ್ದರು.

ಅನುಸೂಯಾ ಎರಡು ಮೂರು ದಿನ ತಪ್ಪಿಸಿಕೊಂಡು ತಿರುಗಿದಳು. ಸಿಕ್ಕಾಗ ಸುಮಂಗಲಾ ಯಾವಾಗ ಕಳಿಸಿದೆ ಅಂತ ಮಾತ್ರ ಕೇಳಿದಳು. ಕಾರ್ಯಕ್ರಮದ ಮರುದಿನ ನಸುಕಿನಲ್ಲೇ ಕಳಿಸಿದ್ದಳಂತೆ, ನಮ್ಮ ಬಸ್ಸು ಹತ್ತುವುದಕ್ಕಿಂತ ಮೊದಲೇ. ಅಂದರೆ ಬಟನ್ ಒತ್ತಿದ ಆ ಕೈಗುಣದ ಕೈ ಅಷ್ಟರಲ್ಲಾಗಲೇ ಕೆಲಸ ಮುಗಿಸಿತ್ತು. ನನಗೆ ಮೈಯೆಲ್ಲ ಉರಿಯಿತು.

"ಇಷ್ಟು ವರ್ಷ ನಿನ್ನ ಹಿಂದ ಗ್ವಾಡಿ ಆಗಿ ನಿಂತೀನಿ, ಸುಮ್ಮಿ," ಅಂದಳು ಅನುಸೂಯಾ. "ನನಗೂ ಹಾಡು ಸೇರತಿದ್ದುವು."

ಅದು ಸುಳ್ಳಲ್ಲ, ಒಪ್ಪುತ್ತೇನೆ. ಸುಮಂಗಲಾಳೂ ಒಪ್ಪಿದ ಹಾಗೆ ತಲೆಯಾಡಿಸಿದಳು.

"ಕಳಿಸಿದ್ದಕ್ಕ ನನಗ ಸಿಟ್ಟಿಲ್ಲ," ಅಂದಳು. "ನನ್ನ ದನಿ ಕತ್ತರಿಸೂದು ನಿನಗ ಬರತಿತ್ತು. ನಾನ ಕಲಿಸೀನಿ."

ಅನುಸೂಯಾ ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಆ ದನಿಯನ್ನು ಬೇಕಂತಲೇ ಬಿಟ್ಟಿದ್ದಳು ಅಂತ ನನಗನ್ನಿಸಿತು, ಈಗಲೂ ಅನ್ನಿಸುತ್ತದೆ.

ಈಗ ನಮ್ಮ ಬಸ್ಸಿನಲ್ಲಿ ಸಂತೆಯ ಗದ್ದಲ. ಯಾರು ಎಷ್ಟು ಕಿರುಚಿದರೂ ಸುಮಂಗಲಾ ಬಾಯಿ ಬಿಡುವುದಿಲ್ಲ. ಜನ ಬಾಗಿಲಲ್ಲೇ ಜೋತುಬಿದ್ದಿದ್ದರೂ ಒಳಗೆ ಸರಿಯಿರಿ ಅನ್ನುವುದಿಲ್ಲ, ಬರೀ ಸೀಟಿ ಊದುತ್ತಾಳೆ. ತುರುಬಿನ ಮೈಕು ಎಲ್ಲಿ ಹೋಯಿತೋ ನಾನು ಕೇಳಿಲ್ಲ.

ಮೊನ್ನೆ ಬೇವೂರಿನಲ್ಲಿ ಅನುಸೂಯಾ ಹತ್ತಿ, ಮೊದಲಿನಂತೆ ಕಂಡಕ್ಟರ್ ಸೀಟಿನ ಪಕ್ಕದಲ್ಲೇ ಕೂತಳು. ಹೆಂಗಸರಿಗೆ ಬಸ್ಸು ಬಿಟ್ಟಿಯಾದಾಗಿನಿಂದ ಗುರುತಿನ ಚೀಟಿ ನೋಡಿಯೇ ಟಿಕೆಟ್ ಕೊಡಬೇಕು. ಗೆಳತಿಯ ಹತ್ತಿರ ಅದನ್ನು ಯಾರು ಕೇಳುತ್ತಾರೆ? ಸುಮಂಗಲಾ ಟಿಕೆಟ್ ಮಷೀನು ಹಿಡಿದು ಅವಳ ಮುಂದೆ ಬಂದು ನಿಂತಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ.

"ಆಧಾರ್ ಕಾರ್ಡ್ ತೋರಸ್ರಿ," ಅಂದಳು.

ಅನುಸೂಯಾ ಅವಳ ಮುಖವನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ಚೀಲದಲ್ಲಿ ತಡಕಾಡಿದಳು. ಇಷ್ಟು ದಿನ ಯಾರೂ ಕೇಳದಿದ್ದ ಕಾರ್ಡು ಅವಳ ಹತ್ತಿರ ಇರಲಿಲ್ಲ.