ಎಸರಿಗಿಡುವ ರಿಂಗು

ಯಜಮಾನರ ಕೆಲಸಕ್ಕೆಂದು ಉತ್ತರದ ಉಣಕಲ್ಲಿಗೆ ಬಂದ ಮೊದಲ ದಿನ ಪಕ್ಕದ ಮನೆಯ ಗಂಗವ್ವ ಬೆಲ್ಲ, ನೀರು ಕೊಟ್ಟು, “ಮುಟ್ಟಿದ್ವಿ ಅಂತ ಊರಿಗೆ ಫೋನ್ ಹಚ್ಚಿದ್ರೇನ್ರಿ?” ಎಂದು ಕೇಳಿದರು. ನಮ್ಮ ಕೊಳ್ಳೇಗಾಲದ ಕಡೆ ದೀಪ ಹಚ್ಚುತ್ತಾರೆ, ಒಲೆ ಹಚ್ಚುತ್ತಾರೆ. ಇಲ್ಲಿ ಫೋನನ್ನೂ ಹಚ್ಚುತ್ತಾರೆ, ಅಂದರೆ ಕರೆ ಮಾಡುತ್ತಾರೆ. ಮುಟ್ಟುವುದೆಂದರೆ ತಲುಪುವುದು. ಕನ್ನಡವೇ, ಆದರೆ ನನ್ನದಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್‌ಟಿಡಿ ಬೂತಿಗೆ ಹೋಗಿ, ಊರಿನ ಅಂಗಡಿ ಫೋನಿಗೆ ಅವ್ವನನ್ನು ಕರೆಸಿ, ಅತ್ತು ಬಂದೆ.

ನನ್ನ ಯಜಮಾನರು ಗಬ್ಬೂರ ಬೈಪಾಸಿನ ಬಳಿ ಲಾರಿ ಗೋದಾಮೊಂದರಲ್ಲಿ ಗುಮಾಸ್ತರು. ಕೆಲವು ವರ್ಷಗಳ ಮೇಲೆ ಅವರ ಕೈಗೆ ಮೊಬೈಲ್ ಬಂತು, ಕಪ್ಪು ಕಲ್ಲಿನಂಥದ್ದು. ಟಾರ್ಚ್ ಇದ್ದ ಫೋನು ಕೊಂಡಾಗ ಆ ಕಲ್ಲು ನನಗೆ ಬಂತು. ಬಣ್ಣದ ಪರದೆಯದ್ದು ಕೊಂಡಾಗ ಟಾರ್ಚಿನದು ನನ್ನದಾಯಿತು. ನಮ್ಮ ಮನೆಯ ಪದ್ಧತಿ ಅದು: ಅವರಿಗೆ ಹೊಸದು, ನನಗೆ ಅವರದು.

ಇಲ್ಲಿ ಎಲ್ಲರ ಮನೆಯಲ್ಲೂ ಜೋಳದ ರೊಟ್ಟಿ. ನಾವು ಮಾತ್ರ ಊರಿಂದ ರಾಗಿ ಹಿಟ್ಟು ತರಿಸಿ ಮುದ್ದೆ ಉಣ್ಣುತ್ತಿದ್ದೆವು. ರೊಟ್ಟಿ ಆರಿದರೂ ನಡೆಯುತ್ತದೆ, ಮುದ್ದೆ ಆರಬಾರದು. ಅದಕ್ಕೇ ಸಂಜೆ ಮನೆಗೆ ಬರುವ ಬಸ್ಸು ದಾರಿಯ ಹೊಸೂರು ದಾಟುವಾಗ ಅವರು ಒಂದೇ ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. ಎಸರಿಗಿಡುತ್ತಿದ್ದೆ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಮುದ್ದೆ ತಟ್ಟೆಯಲ್ಲಿರುತ್ತಿತ್ತು.

ಗಂಗವ್ವನಿಗೆ ಇದು ದಿನದ ತಮಾಷೆ. “ಯಜಮಾನ್ರ ಫೋನ್ ಬಂತ್ ನೋಡ್ರಿ. ಎತ್ತಬ್ಯಾಡ್ರಿ ಮತ್ತ, ಮುದ್ದಿ ಗಂಟಾದೀತು. ಅಗೀಲಾರದ ನುಂಗೋ ಮಂದಿ, ನಿಮಗ ಅವಸರ ಭಾಳ.”

ಕಾಮಾಲೆ ಏರಿ ಸತ್ತೂರಿನ ಆಸ್ಪತ್ರೆ ಸೇರಿದ ಯಜಮಾನರು ಅಲ್ಲಿಂದ ಏಳಲಿಲ್ಲ. ನರ್ಸಮ್ಮ ಅವರ ಅಂಗಿ, ಚಪ್ಪಲಿ, ಫೋನು ಒಂದು ಚೀಲದಲ್ಲಿ ಹಾಕಿ, “ಎಲ್ಲಾ ಬಂದಾವೇನ್ ನೋಡ್ಕೋರಿ ಅಕ್ಕಾರ” ಎಂದಳು. ಪದ್ಧತಿಯಂತೆ ಅವರ ಫೋನು ನನಗೆ ಬಂದಿತ್ತು. ಈ ಸಲ ಮಾತ್ರ ಅವರು ಹೊಸದನ್ನು ಕೊಂಡಿರಲಿಲ್ಲ.

ತಮ್ಮ ಬಂದು ಊರಿಗೆ ಕರೆದೊಯ್ದ. “ಇನ್ನೇನದೆ ಅಲ್ಲಿ, ಅಕ್ಕ? ಆ ನಂಬರ್ ಬಿಟ್ಬುಡು, ಇಲ್ಲೇ ಹೊಸ ಸಿಮ್ಮು ಕೊಡುಸ್ತೀನಿ.” ಆ ನಂಬರ್ ಬಿಟ್ಟರೆ ಅವರು ರಿಂಗ್ ಕೊಡುತ್ತಿದ್ದ ಜಾಗವೇ ಇಲ್ಲವಾಗುತ್ತದೆ ಎಂದು ಅವನಿಗೆ ಹೇಗೆ ಹೇಳಲಿ? ಸಂಜೆ ಅವ್ವ ಯಾವ ರಿಂಗಿಗೂ ಕಾಯದೆ ಎಸರಿಟ್ಟಳು. ಬರಬೇಕಾದವರೆಲ್ಲ ಮನೆಯಲ್ಲೇ ಇದ್ದರು. ಅವ್ವ ಮತ್ತೆ ಮುದ್ದೆ ಬಡಿಸಲು ಬಂದಾಗ, “ಒಲ್ಲೆ, ಸಾಕ್ರಿ” ಎಂದುಬಿಟ್ಟೆ.

“ಹೆತ್ತೋಳ್ಗೇ ರೀ ಅಂತೀಯಲ್ಲ ಮಗ” ಎಂದು ಅವ್ವ ನನ್ನನ್ನು ನೆಂಟರ ಹೆಂಗಸನ್ನು ನೋಡಿದಂತೆ ನೋಡಿದಳು.

ಸಿಮ್ಮು ಬದಲಿಸದೆ ಉಣಕಲ್ಲಿಗೆ ಮರಳಿದೆ. ಹೊಲಿಗೆ ಮಷೀನಿದೆ, ಹೊಟ್ಟೆ ನಡೆಯುತ್ತದೆ. ಗಂಗವ್ವ ಬಾಗಿಲಲ್ಲಿ ನಿಂತು, “ಮೈಸೂರ ಕಡೀ ಮಂದಿ, ತಮ್ಮೂರಿಗೆ ಹ್ವಾದ್ರು ಅಂದ್ಕೊಂಡಿದ್ವಿ. ಬರ್ರಿ, ರೊಟ್ಟಿ ತಗೋರಿ” ಎಂದರು. ಇಷ್ಟು ವರ್ಷಗಳ ಮೇಲೂ ಇಲ್ಲಿ ನಾನು ಮೈಸೂರ ಕಡೆಯವಳೇ.

ಟಾರ್ಚಿನ ಫೋನಿನ ಗುಂಡಿಗಳು ಸವೆದಿದ್ದವು. ಅವರ ಫೋನಿನ ಸಿಮ್ಮು ತೆಗೆದು ನನ್ನದನ್ನು ಹಾಕಿದೆ. ಹೆಸರುಗಳನ್ನು ಸರಿಸುತ್ತ ಹೋದರೆ ನನ್ನ ಹೆಸರೇ ಇರಲಿಲ್ಲ. ನನ್ನ ನಂಬರನ್ನು ಅವರು ಇಂಗ್ಲಿಷ್ ಅಕ್ಷರದಲ್ಲಿ ‘ಮನೆ’ ಎಂದು ಉಳಿಸಿಕೊಂಡಿದ್ದರು.

ಈಗಲೂ ಸಂಜೆ, ಬಸ್ಸು ಹೊಸೂರು ದಾಟುವ ಹೊತ್ತಿಗೆ, ಆ ಹೆಸರನ್ನು ಒತ್ತುತ್ತೇನೆ. ನನ್ನ ನಂಬರಿನಿಂದ ನನ್ನ ನಂಬರಿಗೇ, ಅದೇ ಫೋನಿನಿಂದ ಅದೇ ಫೋನಿಗೆ. ಮನೆ ಬ್ಯುಸಿ ಇದೆ ಎನ್ನುತ್ತದೆ. ಒಂದು ರಿಂಗೂ ಆಗುವುದಿಲ್ಲ. ತಮ್ಮ ಕಳಿಸಿದ ರಾಗಿ ಹಿಟ್ಟು ಡಬ್ಬಿಯಲ್ಲೇ ಇದೆ. ಗಂಗವ್ವ ಕೊಟ್ಟ ರೊಟ್ಟಿಯನ್ನು, ಆರಿದ ಮೇಲೆ, ತಿನ್ನುತ್ತೇನೆ.