ವಿಮಾನಕ್ಕೆ ಬಳಿದ ಸಗಣಿ ಬಗ್ಗಡ

ನಾನು ಚಿಕ್ಕವನಿದ್ದಾಗ ನನಗೆ ಅಸಹ್ಯವಾಗದ ವಸ್ತುವೇ ಇರಲಿಲ್ಲ. ಹಾಲಿನ ಮೇಲಿನ ಕೆನೆ ಕಂಡರೆ ವಾಕರಿಕೆ. ಅಕ್ಕನ ತಲೆಯ ಹರಳೆಣ್ಣೆ ವಾಸನೆಗೂ ವಾಕರಿಕೆ. ಮಳೆಯಲ್ಲಿ ನೆನೆದ ಕಂಬಳಿಯನ್ನು ಒಳಗೆ ತಂದರಂತೂ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದೆ. ಅದಕ್ಕೇ ಅಕ್ಕ ನನಗೆ ‘ಮೂಗಿನ ದೊರೆ’ ಎಂದು ಹೆಸರಿಟ್ಟಿದ್ದಳು. ಅಂಥ ನನ್ನ ಕೈಯಲ್ಲಿ ಒಂದು ವಿಮಾನದ ಸಗಣಿ ತೊಳೆಸಿದರು, ಮಕ್ಕಳೇ.

ನಮ್ಮದು ಗಾವಡಗೆರೆ ಹತ್ತಿರದ ಸಣ್ಣ ಹಳ್ಳಿ. ಊರ ಮುಂದೆ ಉದ್ದಕ್ಕೆ ಗೋಮಾಳ, ಅದರ ಪಕ್ಕದಲ್ಲಿ ದನ ನೀರು ಕುಡಿಯುವ ಕಟ್ಟೆ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪಿಗೆ ಕಾವು ಕೊಡುವ ಬ್ಯಾರನ್ನು ಮನೆಗಳ ಘಾಟು ಊರಿಗೆಲ್ಲ ಅಡರಿತ್ತು. ಹಸಿ ಸೊಪ್ಪು ಕಟ್ಟಿ ಕಟ್ಟಿ ಅಕ್ಕನ ಕೈ ತುಂಬ ಕಪ್ಪನೆಯ ಅಂಟು ಮೆತ್ತಿಕೊಂಡಿರುತ್ತಿತ್ತು. ಅದೇ ಕೈಯಲ್ಲಿ ಅವಳು ನನ್ನ ಕೆನ್ನೆ ಹಿಂಡುತ್ತಿದ್ದಳು. ಆದರೆ ಆ ವರ್ಷ ಅವಳ ಮೇಲೆ ರೇಗಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅವಳಿಗೆ ಹಂಪಾಪುರದ ಕಡೆ ಗಂಡು ಗೊತ್ತಾಗಿತ್ತು. ಹಂಪಾಪುರವನ್ನು ಅವಳು ಕಣ್ಣಿಂದ ಕಂಡವಳಲ್ಲ. ಮನೆಗೆ ಯಾರು ಬಂದರೂ ಅದು ಎಷ್ಟು ದೂರ ಎಂದು ಕೇಳುತ್ತಿದ್ದಳು. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುತ್ತಿರಲಿಲ್ಲ.

ಒಂದು ಬೆಳಗ್ಗೆ ಪುಟ್ಟ ವಿಮಾನವೊಂದು ಕೆಮ್ಮುತ್ತಾ ಬಂದು ನಮ್ಮ ಗೋಮಾಳದ ಹುಲ್ಲಿನ ಮೇಲೆ ಇಳಿಯಿತು. ಎಗರಿ ಎಗರಿ ಬಿದ್ದು ಕಟ್ಟೆಯ ಹತ್ತಿರ ನಿಂತಿತು. ಇಳಿದವರು ಬಿಳಿ ಶರಟು ತೊಟ್ಟ ಪೈಲಟ್ಟು. ಎಂಜಿನ್ನಿನಲ್ಲಿ ಏನೋ ಕೆಟ್ಟಿತ್ತು. ಮೈಸೂರಿನಿಂದ ಸಾಮಾನು, ಮೆಕ್ಯಾನಿಕ್ಕು ಎರಡನ್ನೂ ತರಬೇಕಿತ್ತು. ಹೊರಡುವ ಮೊದಲು ಅವರು ಅಪ್ಪನನ್ನು ಕರೆದುಕೊಂಡು ಗೋಮಾಳದ ಉದ್ದಕ್ಕೂ ನಡೆದರು. ಕಲ್ಲು ಎತ್ತಿಸಿದರು, ಇಲಿಯ ಬಿಲಗಳಿಗೆ ಮಣ್ಣು ತುಂಬಿಸಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ತಿಳಿಯಲು ಗಳದ ತುದಿಗೆ ಅಪ್ಪನ ಟವೆಲ್ಲನ್ನೇ ಕಟ್ಟಿಸಿದರು.

“ನಿಮ್ಮ ದನಗಳು ಚೆನ್ನಾಗಿ ಮೇಯ್ದಿವೆ ಗೌಡರೇ. ಹುಲ್ಲು ಹೀಗೆ ಗಿಡ್ಡವಾಗಿದ್ದರೆ ಚಕ್ರ ಹಿಡಿಯಲ್ಲ, ಬೇಗ ಮೇಲಕ್ಕೆ ಏಳಬಹುದು” ಎಂದು ಹೊಗಳಿದರು. ನೆಲದ ಮೇಲಿನ ಸಗಣಿಯನ್ನು ಮಾತ್ರ ತೆಗೆಸಬೇಕು, ಚಕ್ರಕ್ಕೆ ಸಿಕ್ಕಿ ಮೇಲೆ ಸಿಡಿಯುತ್ತದೆ ಎಂದರು. ತೆಗೆಯುವ ಕೆಲಸ ಯಾರ ಪಾಲಿಗೆ ಬಂತು ಎಂದು ನಾನು ಹೇಳಬೇಕಾಗಿಲ್ಲ. ಬಿಸಿಬಿಸಿಯಾಗಿದ್ದದ್ದನ್ನೂ ಬರಿಗೈಯಲ್ಲಿ ಬಾಚಿದೆ. ಬೆಳಗಿನ ಗಂಜಿ ಗಂಟಲಿಗೆ ಬಂದು ಬಂದು ಹೋಯಿತು.

“ಸಂಜೆವರೆಗೂ ನಿಮ್ಮ ಮಗು ಅಂತಲೇ ನೋಡಿಕೊಳ್ಳಿ. ರಿಪೇರಿ ಆದಮೇಲೆ ಒಂದು ಸುತ್ತು ಹಾರಿಸಿ ನೋಡ್ತೀನಿ. ಪಕ್ಕದ ಸೀಟಲ್ಲಿ ನಿಮ್ಮ ಮನೆಯವರೊಬ್ಬರನ್ನ ಕೂರಿಸಿಕೊಳ್ತೀನಿ” ಎಂದರು ಪೈಲಟ್ಟು.

ಅಪ್ಪನ ಹಿಂದಿನಿಂದ ಅಕ್ಕ ಕೇಳಿದಳು: “ಮೇಲಿಂದ ನೋಡುದ್ರೆ ಅಂಪಾಪುರ ಕಾಣ್ತದಾ ಸ್ವಾಮಿ?”

“ಹಂಪಾಪುರ ಏನಮ್ಮ, ಕಬಿನಿ ಹೊಳೇನೂ ಕಾಣುತ್ತೆ. ನೀನೇ ಬಾ.”

ಅಪ್ಪ ಬೇಡ ಎನ್ನಲಿಲ್ಲ. ಅಪ್ಪ ಬೇಡ ಎನ್ನದಿದ್ದರೆ ಹೂಂ ಎಂದೇ ಅರ್ಥ. ಪೈಲಟ್ಟು ಊರಿನವರೊಬ್ಬರ ಸೈಕಲ್ಲಿನ ಹಿಂದೆ ಕೂತು ಬಸ್ಸಿಗೆ ಹೊರಟರು. ಅಕ್ಕ ಕೈಯ ಅಂಟನ್ನು ಹುಣಸೆಹಣ್ಣು ಹಾಕಿ ಉಜ್ಜಿಕೊಂಡು, ಹಬ್ಬಕ್ಕೆ ಉಡುವ ನೀಲಿ ಲಂಗ ದಾವಣಿ ಉಟ್ಟು, ಬಿಸಿಲು ನೆತ್ತಿಗೇರುವ ಮೊದಲೇ ಸಿದ್ಧವಾಗಿ ಕೂತಳು.

ಅಷ್ಟರಲ್ಲಿ ದನಗಳು ಬಂದವು. ಆ ವಿಮಾನದ ರೆಕ್ಕೆ ತಗಡಿನದಲ್ಲ. ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು ಬಣ್ಣ ಬಳಿದಿದ್ದರು. ಆ ಬಣ್ಣದಲ್ಲಿ ಅವಕ್ಕೆ ಏನು ರುಚಿ ಕಂಡಿತೋ, ಒಂದು ಹಸು ಬಾಲದ ಕಡೆಯಿಂದ ನೆಕ್ಕತೊಡಗಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಜೊಲ್ಲು ದಾರದಂತೆ ಇಳಿದು ಹುಲ್ಲಿನವರೆಗೂ ಜೋತಾಡುತ್ತಿತ್ತು. ಒಂದು ಎಮ್ಮೆ ಕಟ್ಟೆಯ ಕೆಸರಿನಿಂದ ಎದ್ದು ಬಂದು ರೆಕ್ಕೆಯ ಅಂಚಿಗೆ ಮೈ ತಿಕ್ಕಿತು. ಈ ಕಡೆಯಿಂದ ಹೊಡೆದರೆ ಆ ಕಡೆಯಿಂದ ಬರುತ್ತಿದ್ದವು. ಊರಿನ ದನವೆಲ್ಲ ಮೇಯುವ ಜಾಗ ಅದು, ಬೇರೆಲ್ಲಿಗೆ ಅಟ್ಟುವುದು? ಅವುಗಳ ನಾಲಿಗೆ ಅರದ ಹಾಗೆ. ಸಂಜೆಯವರೆಗೆ ನೆಕ್ಕಿದರೆ ಬಟ್ಟೆ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಾಯಿತು.

ಅಪ್ಪನಿಗೆ ಒಂದೇ ಉಪಾಯ ಹೊಳೆಯಿತು. ಎಳೆಯ ತೆಂಗಿನ ಸಸಿಗೆ ದನ ಬಾಯಿ ಹಾಕಬಾರದೆಂದು ನಮ್ಮ ಕಡೆ ಸಗಣಿ ಬಗ್ಗಡ ಎರಚುತ್ತಾರೆ. ತಮ್ಮ ಸಗಣಿಯ ನಾತ ಹೊಡೆಯುವುದನ್ನು ದನ ಮುಟ್ಟುವುದಿಲ್ಲ. ಸಸಿಗೆ ಆಗುವುದು ವಿಮಾನಕ್ಕೆ ಯಾಕಾಗಬಾರದು? ನಾನು ಬಾಚಿಟ್ಟಿದ್ದ ಸಗಣಿಯನ್ನೇ ಕೊಪ್ಪರಿಗೆಯಲ್ಲಿ ಕಲಸಿ, ಪೊರಕೆ ಅದ್ದಿ, ಮೂತಿಯಿಂದ ಬಾಲದವರೆಗೆ ಬಳಿದರು. ಬಿಸಿಲಿಗೆ ಅದು ಒಣಗಿ ಹಸಿರು ಹಪ್ಪಳವಾಯಿತು. ನೊಣಗಳು ಜೊಯ್ಯೆಂದು ಮುತ್ತಿದವು. ನಾನು ದೂರ ಕೂತು ಮೂಗಿಗೆ ತುಂಬೆ ಸೊಪ್ಪು ಹಿಡಿದುಕೊಂಡೆ. ಆದರೆ ಒಂದು ದನವೂ ಹತ್ತಿರ ಸುಳಿಯಲಿಲ್ಲ.

“ನೋಡ್ದಾ, ಎಂಗೈತೆ?” ಎಂದು ಅಪ್ಪ ಮೀಸೆ ತಿರುವಿದರು.

ಹೊತ್ತು ಇಳಿಯುವಾಗ ಪೈಲಟ್ಟು ಮೆಕ್ಯಾನಿಕ್ಕಿನ ಜೊತೆ ಜೀಪಿನಲ್ಲಿ ಬಂದರು. ವಿಮಾನವನ್ನು ನೋಡಿದವರೇ ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡರು. ಅಪ್ಪ ದನಗಳ ವಿಷಯ ಹೇಳಲು ಬಾಯಿ ತೆರೆದರು. ಅವರು ಕೇಳಿಸಿಕೊಳ್ಳಲಿಲ್ಲ. “ಥೂ, ಏನಯ್ಯಾ ಇದು. ಸಗಣಿಯಲ್ಲೇ ಹುಟ್ಟಿ ಸಗಣಿಯಲ್ಲೇ ಸಾಯೋ ಜನ” ಎಂದು ಅಪ್ಪನ ಕಾಲ ಬಳಿಯ ಹುಲ್ಲಿಗೆ ಉಗುಳಿದರು. ಬೆಳಗ್ಗೆ ‘ಗೌಡರೇ’ ಎಂದಿದ್ದ ಬಾಯಿ ಅದೇ. ರೆಕ್ಕೆಯ ಮೇಲೆ ಹೀಗೆ ಮೆತ್ತಿಕೊಂಡಿದ್ದರೆ ಭಾರಕ್ಕೆ ಏಳುವುದೇ ಇಲ್ಲ, ಕತ್ತಲಾಗುವ ಮೊದಲು ತೊಳೆಯಿರಿ ಎಂದರು.

“ತೊಳ್ದುಕೊಡ್ತೀವಿ ಬುಡಿ” ಎಂದರು ಅಪ್ಪ. ಸ್ವಾಮಿ ಎನ್ನಲಿಲ್ಲ.

ಕಟ್ಟೆಯಿಂದ ಕೊಡಗಟ್ಟಲೆ ನೀರು ತಂದೆವು. ಬಟ್ಟೆ ಹರಿಯಬಾರದೆಂದು ಕೈಯಲ್ಲೇ ಉಜ್ಜಬೇಕಿತ್ತು. ಚಿಕ್ಕವನೆಂದು ನನ್ನನ್ನು ವಿಮಾನದ ಹೊಟ್ಟೆಯ ಕೆಳಗೆ ತೂರಿಸಿದರು. ಮೇಲಿನಿಂದ ಹಸಿರು ನೀರು ಕುತ್ತಿಗೆಗೆ, ಕಿವಿಗೆ, ಕೊನೆಗೆ ಬಾಯಿಗೇ ಇಳಿಯಿತು. ಎರಡು ಸಲ ವಾಂತಿ ಮಾಡಿಕೊಂಡು ಮತ್ತೆ ತೂರಿದೆ. ಅಕ್ಕ ಬಟ್ಟೆ ಬದಲಿಸಲು ಮನೆಗೆ ಹೋಗಲಿಲ್ಲ. ಹೊತ್ತು ಮುಳುಗಿದರೆ ಹಾರಾಟ ತಪ್ಪುತ್ತದಲ್ಲ! ನೀಲಿ ದಾವಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಬೇಗ ಬೇಗ ಉಜ್ಜಿದಳು. ತೊಳೆದ ಬಟ್ಟೆಯಲ್ಲಿ ಒಂದು ತೂತೂ ಇರಲಿಲ್ಲ. ಅಪ್ಪ ಅದನ್ನು ತೋರಿಸಿದಾಗ ಪೈಲಟ್ಟು ಗಡಿಯಾರ ನೋಡುತ್ತಿದ್ದರು.

ಮೆಕ್ಯಾನಿಕ್ಕು ಕೆಲಸ ಮುಗಿಸಿ ಜೀಪಿನಲ್ಲಿ ಹೊರಟುಹೋದ. ಎಂಜಿನ್ನು ಶುರುವಾಯಿತು. ಪಕ್ಕದ ಸೀಟು ಖಾಲಿಯಿತ್ತು. ಅಕ್ಕ ಮುಖ ತೊಳೆದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತಳು. ಅವಳ ದಾವಣಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಈ ನಾತ ಇಟ್ಕೊಂಡು ಒಳಗೆ ಹತ್ತುತ್ತೀಯಾ? ದೂರ ಸರಿ” ಎಂದು ಪೈಲಟ್ಟು ಬಾಗಿಲು ಎಳೆದುಕೊಂಡರು.

ಆ ಹೊತ್ತು ನನಗಾದ ಹೇಸಿಗೆಯ ಮುಂದೆ ಜೊಲ್ಲು, ಸಗಣಿ, ಬಾಯಿಗೆ ಬಿದ್ದ ಹಸಿರು ನೀರು ಏನೇನೂ ಅಲ್ಲ. ಅಂದಿನಿಂದ ಬಿಳಿ ಶರಟಿನವರ ಮಾತು ಎಂದರೆ ನನ್ನ ಮೂಗು ತಾನಾಗಿ ಸುಕ್ಕುಗಟ್ಟುತ್ತದೆ. “ಬಾ ಮಗ, ಈಚೆಗ್ ಬಾ” ಎಂದು ಅಪ್ಪ ಅಕ್ಕನ ಹೆಗಲು ಹಿಡಿದು ಕರೆತಂದರು.

ನಾವು ತೊಳೆಯುತ್ತಿದ್ದಾಗ ದನಗಳು ಸುಮ್ಮನಿರಲಿಲ್ಲ. ಬೆಳಗ್ಗೆ ನಾನು ಬಾಚಿ ಚೊಕ್ಕ ಮಾಡಿದ್ದ ಹುಲ್ಲಿನ ಮೇಲೆ ಸಾಲಾಗಿ ಹೊಸದಾಗಿ ಹಾಕಿದ್ದವು. ನೆಲ ನೋಡಿಕೊಂಡು ಬರುವ ವ್ಯವಧಾನ ಪೈಲಟ್ಟಿಗೆ ಇರಲಿಲ್ಲ. ವಿಮಾನ ಓಡಿತು. ಚಕ್ರಕ್ಕೆ ಸಿಕ್ಕಿದ್ದೆಲ್ಲ ಪಚಪಚನೆ ಸಿಡಿದು ಹೊಟ್ಟೆಯ ಕೆಳಗೆಲ್ಲ ಹಸಿರಾಯಿತು. ಹಾಗೆಯೇ ಮೇಲೆದ್ದು ಮೈಸೂರಿನ ಕಡೆ ತಿರುಗಿತು. ಮೊದಲು ನಕ್ಕವಳು ಅಕ್ಕ. ನಕ್ಕು ನಕ್ಕು ಹುಲ್ಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅವಳು ನಗುತ್ತಿಲ್ಲ ಎಂದು ನನಗೆ ಗೊತ್ತಾಯಿತು. ನನ್ನ ಕೈಯೂ ನಾರುತ್ತಿತ್ತು, ಅವಳ ಕೈಯೂ ನಾರುತ್ತಿತ್ತು. ಹೋಗಿ ಅವಳ ಕೈ ಹಿಡಿದುಕೊಂಡು ಕೂತೆ.

ಹಂಪಾಪುರವನ್ನು ಅಕ್ಕ ಕೊನೆಗೆ ಕಂಡದ್ದು ಮದುವೆಯಾದ ಮೇಲೆ, ಬಸ್ಸಿನ ಕಿಟಕಿಯಿಂದ.

ಮಕ್ಕಳೇ, ನೀವು ಎಷ್ಟೋ ಸಲ ವಿಮಾನದಲ್ಲಿ ಕೂತಿದ್ದೀರಿ. ನಿಮ್ಮ ವಿಮಾನ ಇಳಿಯುವುದು ಕನ್ನಡಿಯಂಥ ರಸ್ತೆಯ ಮೇಲೆ, ಅಲ್ಲಿ ಹುಲ್ಲೂ ಇಲ್ಲ, ದನವೂ ಇಲ್ಲ. ಕಳೆದ ರಜೆಯಲ್ಲಿ ಹಂಪಾಪುರಕ್ಕೆ ಹೋದಾಗ ನಿಮ್ಮ ಡ್ರೋನನ್ನು ಅಕ್ಕನ ಮನೆಯ ಹಿಂದಿನ ಹುಲ್ಲಿನಿಂದ ಹಾರಿಸಿದಿರಲ್ಲ, ಅದು ಇಳಿಯುವಾಗ ಹಸಿ ಸಗಣಿಯಲ್ಲಿ ಕೂತುಬಿಟ್ಟಿತು. ನೀವು ಛೀ ಎಂದು ಮೂಗು ಮುಚ್ಚಿ ನಿಂತಿರಿ. ನಾನೂ ಹತ್ತಿರ ಹೋಗಲಿಲ್ಲ, ಈ ಮೂಗು ಮುದಿಯಾದರೂ ಬುದ್ಧಿ ಬಿಟ್ಟಿಲ್ಲ. ನಿಮ್ಮ ದೊಡ್ಡಜ್ಜಿ, ಅಂದರೆ ನನ್ನ ಅಕ್ಕ, ಕೋಲೂರಿಕೊಂಡು ಹೋಗಿ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. “ಇದು ಮೇಲಕ್ಕೋದ್ರೆ ನಮ್ಮೂರ್ ಗೋಮಾಳ ಕಾಣ್ತದೇನ್ಲಾ?” ಎಂದು ಕೇಳುತ್ತಾ ನಿಮಗೆ ಚಾಚಿದಳು.

ಅಷ್ಟು ದೂರ ಹೋಗಲ್ಲ ಅಜ್ಜಿ ಎಂದು ನೀವು ಅದನ್ನು ಎರಡೇ ಬೆರಳಲ್ಲಿ ಹಿಡಿದು ಇಸಕೊಂಡಿರಿ. ಮುಂದಿನ ಸಲ ಎರಡೂ ಕೈಯಲ್ಲಿ ಇಸಕೊಳ್ಳಿ. ಕೈಯನ್ನು ಆಮೇಲೆ ತೊಳೆದುಕೊಳ್ಳಬಹುದು.