ವಾಸು ಮಾಮನ ಮೊಳೆ

ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ನಾನು ‘ಕಂಪ್ಯೂಟರಿಂದು’ ಎಂದು ಹೇಳಿ ಮಾತು ತಿರುಗಿಸುತ್ತೇನೆ. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ. ಇಲ್ಲದ ಜಾಗವನ್ನು ಇದೆ ಎಂದು ಹತ್ತಾರು ಜನರಿಗೆ ಹಂಚುವುದು ನನ್ನ ಉದ್ಯೋಗ. ಬಿಲ್ಡರು ಮಾಡಿದರೆ ಪೊಲೀಸರು ಬರುತ್ತಾರೆ. ನಾನು ಮಾಡಿದರೆ ಇನ್‌ಕ್ರಿಮೆಂಟ್ ಬರುತ್ತದೆ.

ಐರೋಲಿಯ ನಮ್ಮ ಡೇಟಾ ಸೆಂಟರಿನಲ್ಲಿ ದೊಡ್ಡ ದೊಡ್ಡ ಸರ್ವರುಗಳಿವೆ. ಒಂದೊಂದರ ಹೊಟ್ಟೆಯಲ್ಲೂ ಇಪ್ಪತ್ತು ಮೂವತ್ತು ವರ್ಚುವಲ್ ಮಷೀನುಗಳು. ಅಂದರೆ ಕಣ್ಣಿಗೆ ಕಾಣದ, ಆದರೆ ತಾನೊಂದು ಪೂರ್ತಿ ಕಂಪ್ಯೂಟರು ಎಂದು ನಂಬಿಕೊಂಡಿರುವ ಬಾಡಿಗೆದಾರರು. ಪ್ರತಿಯೊಬ್ಬರಿಗೂ ‘ಇಷ್ಟು ಮೆಮೊರಿ ನಿನ್ನದು’ ಎಂದು ಮಾತು ಕೊಟ್ಟಿರುತ್ತೇವೆ. ಕೊಟ್ಟ ಮಾತುಗಳನ್ನೆಲ್ಲ ಕೂಡಿಸಿದರೆ ಸರ್ವರಿನಲ್ಲಿ ಇರುವುದಕ್ಕಿಂತ ಹೆಚ್ಚೇ ಆಗುತ್ತದೆ. ಆದರೂ ನಡೆಯುತ್ತದೆ, ಯಾಕೆಂದರೆ ಎಲ್ಲರೂ ಒಂದೇ ಹೊತ್ತಿಗೆ ಕೇಳುವುದಿಲ್ಲ. ಒಬ್ಬ ನಿದ್ದೆಯಲ್ಲಿದ್ದಾಗ ಅವನದನ್ನು ಮೆಲ್ಲಗೆ ಎತ್ತಿ ಎಚ್ಚರವಿದ್ದವನಿಗೆ ಕೊಡುವುದು, ಅವನು ಎದ್ದ ಕೂಡಲೇ ಹಿಂದಕ್ಕೆ ಕೊಡಿಸುವುದು, ಇಷ್ಟೇ ವಿದ್ಯೆ. ಇದನ್ನು ಕಲಿಸಲು ಬಂದ ಪುಣ್ಯಾತ್ಮರು ಮೂರು ದಿನ ಬೋರ್ಡಿನ ಮೇಲೆ ಚಿತ್ರ ಬಿಡಿಸಿದರು. ನನಗೆ ಅರ್ಧ ಗಂಟೆಯಲ್ಲೇ ತಿಳಿದುಹೋಯಿತು: ಇದು ಕಳವಾ ಎಂಬ ಊರಿನಲ್ಲಿದ್ದ ನಮ್ಮ ಹಳೆಯ ರೂಮು.

ಹತ್ತಡಿ ಹನ್ನೆರಡಡಿಯ ರೂಮು. ಅಪ್ಪನಿಗೆ ಲೋಕಲ್ ರೈಲುಗಳ ಕಾರ್‌ಶೆಡ್ಡಿನಲ್ಲಿ ಕೆಲಸ. ಅಪ್ಪ, ಅಮ್ಮ, ನಾನು, ತಮ್ಮ. ಜೊತೆಗೆ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದ ಐವರು ನೆಂಟರು. ಉದ್ದಕ್ಕೆ ಮಲಗಿದರೆ ಐದು ಜನ ಹಿಡಿಯುವ ಜಾಗದಲ್ಲಿ ಒಂಬತ್ತು ಮಂದಿ. ಊರಿನಿಂದ ‘ಇಂಥವನನ್ನು ಕಳಿಸ್ತಿದ್ದೇವೆ’ ಎಂದು ಕಾಗದ ಬಂದರೆ ಅಮ್ಮ ಇಲ್ಲವೆಂದು ಬರೆದವಳೇ ಅಲ್ಲ. ಯಾರದು ಯಾವ ಪಾಳಿ, ಯಾರಿಗೆ ವಾರದ ರಜೆ ಎಂದು ಎಲ್ಲವೂ ಅವಳ ತಲೆಯಲ್ಲಿರುತ್ತಿತ್ತು. ಅಪ್ಪ ಎದ್ದ ಚಾಪೆಯಲ್ಲಿ ಆ ನೆಂಟರಲ್ಲೊಬ್ಬನಾದ ವಾಸು ಮಾಮ ಮಲಗುತ್ತಿದ್ದ, ಚಾಪೆಯ ಬಿಸಿ ಆರುತ್ತಲೇ ಇರಲಿಲ್ಲ. ಒಮ್ಮೆ ಬಂದ್ ಆಗಿ ಒಂಬತ್ತು ಜನವೂ ಹಗಲಲ್ಲೇ ಮನೆಯಲ್ಲಿ ಉಳಿದರು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಗಂಜಿಯ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸಿದ್ದು ನನಗೆ ಈಗಲೂ ಹಬ್ಬದ ಹಾಗೆ ನೆನಪಿದೆ. ಅಮ್ಮನಿಗೆ ಮಾತ್ರ ಅದು ತಲೆನೋವಿನ ಹಾಗೆ ನೆನಪಿದೆ.

ನೆಟ್‌ವರ್ಕ್ ಕಲಿತದ್ದೂ ಅಲ್ಲೇ. ಸಾಲುಮನೆಗಳ ನಮ್ಮ ಚಾಳಿಗೆಲ್ಲ ಒಂದೇ ನಲ್ಲಿ, ಮುಕ್ಕಾಲು ಗಂಟೆ ನೀರು. ಮೊದಲು ಮನೆಗೆ ಎರಡೆರಡು ಕೊಡ, ಆಮೇಲೆ ಉಳಿದರೆ ಬೇಕಾದವರು ಬೇಕಾದಷ್ಟು. ಈ ನಿಯಮ ಮಾಡಿದವಳು ಅಮ್ಮ. ನಾವು ಮಾವಶಿ ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಡ್ರಮ್ ಉರುಳಿಸಿಕೊಂಡು ಬಂದಾಗ ಅಡ್ಡ ನಿಂತವಳೂ ಅವಳೇ. ಈಗ ನಾನು ಒಂದೇ ಕೇಬಲಿನಲ್ಲಿ ಮೂವತ್ತು ಮಷೀನುಗಳಿಗೆ ಅದನ್ನೇ ಮಾಡುತ್ತೇನೆ. ನಮ್ಮಲ್ಲೂ ಡ್ರಮ್ ತರುವವರಿದ್ದಾರೆ.

ಆದರೆ ಹೇಳಹೊರಟದ್ದು ಮೊಳೆಯ ವಿಷಯ. ರೂಮಿನ ಗೋಡೆಗೆ ಸಾಲಾಗಿ ಮೊಳೆಗಳಿದ್ದವು, ಒಬ್ಬೊಬ್ಬರಿಗೆ ಒಂದು. ಊರಿಗೆ ಹೋಗುವವರು ತಮ್ಮ ಟವೆಲನ್ನು ಮೊಳೆಗೆ ಹಾಕಿಯೇ ಹೋಗುವುದು ವಾಡಿಕೆ. ಅವರ ಚಾಪೆಯಲ್ಲಿ ಬೇರೆಯವರು ಮಲಗಬಹುದು, ಅವರ ತಟ್ಟೆಯಲ್ಲಿ ಉಣ್ಣಬಹುದು, ಮೊಳೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

ವಾಸು ಮಾಮ ಅಮ್ಮನ ಚಿಕ್ಕಪ್ಪನ ಮಗ. ಮಾಜಿವಾಡಾದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದವನು ಏಳು ತಿಂಗಳು ಬರಲಿಲ್ಲ. ನನಗೆ ಆಗ ಹನ್ನೊಂದು ವರ್ಷ, ಹೊಸ ಸ್ಕೂಲ್ ಬ್ಯಾಗು ಬಂದಿತ್ತು. ನೆಲದ ಮೇಲಿಟ್ಟರೆ ತಮ್ಮ ತುಳಿಯುತ್ತಿದ್ದ. ಒಂದು ದಿನ ಮಾಮನ ಟವೆಲನ್ನು ಮಡಚಿ ಅಕ್ಕಿ ಡಬ್ಬದ ಮೇಲಿಟ್ಟು ಬ್ಯಾಗನ್ನು ಅವನ ಮೊಳೆಗೆ ಹಾಕಿದೆ. ಸರಿಯಾಗಿ ಅದೇ ವಾರ ಅವನು ಬಂದ. ಬಾಗಿಲಲ್ಲಿ ನಿಂತು ಗೋಡೆ ನೋಡಿದ. ಚಾ ಕುಡಿದ. ಇನ್ನು ಹೋಟೆಲಿನಲ್ಲೇ ಮಲಗುತ್ತೇನೆ, ಬೆಳಿಗ್ಗೆ ಏಳಲು ಸುಲಭ ಎಂದು ಹೇಳಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ಅಮ್ಮ ಬ್ಯಾಗನ್ನು ತೆಗೆದು ನನ್ನ ಮಡಿಲಿಗಿಟ್ಟಳು.

“ಅವ ಊರಿಗೆ ಹೋದದ್ದು ಮಾರಾಯ್ತಿ, ಬಿಟ್ಟು ಹೋದದ್ದಲ್ಲ. ಜಾಗ ಬೇಕಾದ್ರೆ ಯಾರಿಗೂ ಕೊಡುವ. ಮೊಳೆ ಕೊಡ್ಲಿಕ್ಕಿಲ್ಲ.”

ಆಮೇಲೆ ಮಾಮ ಬರುತ್ತಿದ್ದ, ಇಲ್ಲವೆಂದಲ್ಲ. ಗಣಪತಿಗೆ ಬಂದ, ನನ್ನ ಮದುವೆಗೆ ಬಂದ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ ತನ್ನದೇ ಸಣ್ಣ ಹೋಟೆಲು ಹಾಕಿದಾಗ ಸ್ವೀಟು ತಂದ. ಆದರೆ ಮೂವತ್ತು ಚಿಲ್ಲರೆ ವರ್ಷದಲ್ಲಿ ಒಂದು ದಿನವೂ ನಮ್ಮಲ್ಲಿ ಉಳಿದುಕೊಳ್ಳಲಿಲ್ಲ.

ಇದೆಲ್ಲ ನೆನಪಾಗಲು ಕಾರಣ ಈ ಜೂನ್. ಹೊಸ ಗಿರಾಕಿಗೆ ಜಾಗ ಬೇಕು, ಮಲಗಿದವರನ್ನು ಹುಡುಕು ಎಂದರು ಮ್ಯಾನೇಜರು. ಕಳೆದ ಆಗಸ್ಟಿನಿಂದ ಮಿಸುಕಾಡದ ಮಷೀನೊಂದು ಸಿಕ್ಕಿತು. ಎಷ್ಟೇ ಮಲಗಿದರೂ ಮುಟ್ಟಬಾರದೆಂದು ಪ್ರತಿ ಮಷೀನಿಗೂ ಒಂದಿಷ್ಟು ಮೆಮೊರಿಯನ್ನು ಮೀಸಲು ಇಟ್ಟಿರುತ್ತೇವೆ. ನಾನು ಅದನ್ನೂ ಸೊನ್ನೆ ಮಾಡಿದೆ. ಅದು ಕಲ್ಯಾಣದ ಒಂದು ಸಣ್ಣ ಕಾಲೇಜಿನ ಪ್ರವೇಶದ ಫಾರ್ಮು ತುಂಬಿಸುವ ಮಷೀನು, ವರ್ಷಕ್ಕೊಮ್ಮೆ ಏಳುವ ಪ್ರಾಣಿ. ಎದ್ದು ನೋಡಿದರೆ ಅದರ ಜಾಗದಲ್ಲಿ ಬೇರೆಯವರು ಕಾಲು ಚಾಚಿದ್ದಾರೆ. ಸಿಗ್ನಲ್ ಸಿಗದ ಲೋಕಲ್ ರೈಲಿನ ಹಾಗೆ ನಿಂತಲ್ಲೇ ನಿಂತಿತು. ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. ಬೈಯುತ್ತಾರೆ ಎಂದು ಕಾದೆ. ಅವರು ಮೆತ್ತಗೆ, ಮೇಡಂ, ನಾವಿನ್ನೂ ನಿಮ್ಮ ಗಿರಾಕಿಗಳೇ ಅಲ್ಲವಾ ಎಂದು ಕೇಳಿದರು.

ಬೈದಿದ್ದರೆ ವಾಸಿಯಿತ್ತು. ಮೀಸಲನ್ನು ಮರಳಿಸಿ, ನೆಟ್ಟಗಾಗುವ ತನಕ ಕಾದು, ಮೂರು ಸಲ ಕ್ಷಮೆ ಕೇಳಿದೆ. ಕಾಣದ ಗುಮಾಸ್ತರಿಗೆ ಮೂರು ಸಲ. ಮಾಮನಿಗೆ ಒಂದು ಸಲವೂ ಕೇಳಿರಲಿಲ್ಲ.

ಅದೇ ದಿನಗಳಲ್ಲಿ ಮಾಮನ ಕಣ್ಣಿನ ಆಪರೇಶನ್ ನಮ್ಮ ಮನೆಯ ಹತ್ತಿರದ ಆಸ್ಪತ್ರೆಯಲ್ಲೇ ನಿಗದಿಯಾಗಿತ್ತು. ನಮ್ಮಲ್ಲೇ ಇರು ಎಂದು, ಈಗ ನನ್ನ ಜೊತೆಗಿರುವ ಅಮ್ಮ ಎರಡು ಸಲ ಕರೆದಿದ್ದಳು. ನಿಮಗ್ಯಾಕೆ ತೊಂದರೆ, ಲಾಡ್ಜಿನಲ್ಲಿ ಇರುತ್ತೇನೆ ಎಂದಿದ್ದ. ಊಟದ ಬಿಡುವಿನಲ್ಲಿ ನಾನೇ ಫೋನ್ ಮಾಡಿದೆ. ಮೊಳೆಯ ವಿಷಯ ಹೇಳಿದೆ. ಮರೆತಿರುತ್ತಾನೆ, ಸುಮ್ಮನೆ ಕೆದಕಿದೆ ಎಂದುಕೊಂಡೆ.

“ಬ್ಯಾಗು ನೀಲಿ ಬಣ್ಣದ್ದಲ್ಲವಾ?” ಎಂದ ಮಾಮ.

“ಹೌದು ಮಾಮ. ತಪ್ಪಾಯ್ತು.”

“ಸಣ್ಣವಳು ನೀನು, ನಿಂಗೆಂತ ಗೊತ್ತು. ನಂಗೆ ಮಾತ್ರ, ಇಲ್ಲಿ ನಂದು ಮುಗೀತು ಅಂತ ಆಯ್ತು.” ಆಮೇಲೆ ಕೇಳಿದ: “ನಿಮ್ಮ ಫ್ಲ್ಯಾಟಲ್ಲಿ ಮೊಳೆ ಹೊಡೀಲಿಕ್ಕೆ ಬಿಡ್ತಾರಾ?”

ಬಿಡುವುದಿಲ್ಲ. ಬಾಡಿಗೆ ಅಗ್ರಿಮೆಂಟಿನಲ್ಲಿ ಬರೆದೇ ಇದೆ. ನಾನು ಹೊಡೆದೆ. ಕಾಂಕ್ರೀಟ್ ಗೋಡೆ, ಮೂರು ಮೊಳೆ ಡೊಂಕಾದವು, ಹೆಬ್ಬೆರಳು ಜಜ್ಜಿತು. ಕೊನೆಗೆ ಎದುರು ಮನೆಯವರ ಡ್ರಿಲ್ ತಂದು ಕೆಲಸ ಮುಗಿಸಿದೆ. ಮಾಮ ಬಂದ, ಕಪ್ಪು ಕನ್ನಡಕ ಹಾಕಿಕೊಂಡು ಹತ್ತು ದಿನ ಇದ್ದ. ನಾನು ಹೊಯ್ದ ದೋಸೆಯನ್ನು ತುದಿಬೆರಳಲ್ಲಿ ಎತ್ತಿ ನೋಡಿ, ಕಣ್ಣು ಸರಿ ಕಾಣದಿರುವುದೇ ಒಳ್ಳೆಯದಾಯಿತು ಎಂದ. ಅಮ್ಮ ಅಷ್ಟು ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಹೊರಡುವ ದಿನ ಚೀಲ ತಾನೇ ಕಟ್ಟಿಕೊಂಡ, ಚಪ್ಪಲಿ ಮೆಟ್ಟಿದ, ಹೋದ. ಟವೆಲು ಮೊಳೆಯಲ್ಲೇ ಇತ್ತು. ಅಮ್ಮ ಅದನ್ನು ಒಗೆದು, ಒಣಗಿಸಿ, ಮತ್ತೆ ಅಲ್ಲಿಗೇ ಹಾಕಿದಳು.

ಮೊನ್ನೆ ನನ್ನ ಗಂಡ ಒದ್ದೆ ಕೊಡೆ ಹಿಡಿದುಕೊಂಡು ಬಂದು, ಈ ಮೊಳೆ ಖಾಲಿ ಇದ್ದ ಹಾಗೇ ಅಲ್ಲವಾ, ಟವೆಲಿನ ಮೇಲೆಯೇ ಹಾಕಲಾ ಎಂದು ಕೇಳಿದ. ಇಪ್ಪತ್ತು ವರ್ಷದ ಅನುಭವವಿರುವ ಎಂಜಿನಿಯರಾಗಿ ಹೇಳಿದೆ: ಕೊಡೆ ಬಾತ್‌ರೂಮಿನಲ್ಲಿಡು.